ಸತ್ತು ಪಡೆಯಬೇಕಿದ್ದ ಸದಸ್ಯತ್ವ

ಬಾಗಿಲು ತೆರೆದೇ ಇದ್ದರೆ ನನಗೆ ಒಳಗೆ ಹೋಗುವ ಆಸೆಯೇ ಹುಟ್ಟುವುದಿಲ್ಲ. ‘ಪ್ರವೇಶವಿಲ್ಲ’ ಎಂದು ಬರೆದಿದ್ದರೆ ಮಾತ್ರ ಕಾಲು ತಾನಾಗಿ ಅತ್ತ ನಡೆಯುತ್ತದೆ. ಸವಣೂರಿನ ಒಂದು ಖಾರಾ-ಚುರಮುರಿ ಅಂಗಡಿಯ ಮಾಳಿಗೆಯಲ್ಲಿ ಪತ್ರಕರ್ತರು, ನಾಟಕದವರು, ಹಾಡುಗಾರರು ಸೇರಿ ಕ್ಲಬ್ ಮಾಡಿಕೊಂಡರು. ಸದಸ್ಯರಲ್ಲದವರು ಹೊಸ್ತಿಲು ದಾಟುವಂತಿಲ್ಲ ಎಂಬ ಬೋರ್ಡು ಮೊದಲು ಬಂತು, ಕುರ್ಚಿಗಳು ಆಮೇಲೆ ಬಂದವು. ನನ್ನ ನಿದ್ದೆ ಕೆಟ್ಟಿತು.

ನಾನೂ ಮಾಧ್ಯಮದವನೇ. ದುಂಡಸಿಯಿಂದ ಮೊಬೈಲಿನಲ್ಲೇ ಸುದ್ದಿ ಚಾನೆಲ್ ನಡೆಸುತ್ತೇನೆ. ಖಾಯಂ ವೀಕ್ಷಕಿ ನಮ್ಮವ್ವ. ಆಕೆಯೂ ನನ್ನ ಅಂಗಿಗೆ ಇಸ್ತ್ರಿ ಆಗಿದೆಯೋ ಇಲ್ಲವೋ ಎಂದು ನೋಡುವುದಕ್ಕೇ ನೋಡುತ್ತಾಳೆ. ಹೇಗೂ ಸದಸ್ಯನಾಗುವವನೇ ಎಂಬ ಧೈರ್ಯದಲ್ಲಿ ಬೈಕಿನ ಮುಂದೆ ಕೆಂಪಗೆ ‘ಕ್ಲಬ್ ಸದಸ್ಯರು’ ಎಂದು ಬರೆಸಿಬಿಟ್ಟೆ. ಅರ್ಜಿ ಕೊಟ್ಟಿದ್ದು ಆಮೇಲೆ. ಅಷ್ಟರಲ್ಲಿ ಊರೆಲ್ಲ ಓದಿಯಾಗಿತ್ತು. ಕ್ಲಬ್ಬಿನವರು ಬೇಡವೆಂದರೆ ದುಂಡಸಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಮುಖ ಎತ್ತುವಂತಿರಲಿಲ್ಲ.

ಅಧ್ಯಕ್ಷರು ಹಳೆಯ ರಂಗನಟರು. “ಸುದ್ದಿ ಎಲ್ಲಾರೂ ಹೇಳ್ತಾರ ತಮ್ಮಾ. ನಿನ್ನ ಕಲಾ ಏನೈತಿ, ಅದನ್ನ ತೋರ್ಸು” ಎಂದರು. ಊರ ನಾಟಕದಲ್ಲಿ ಒಮ್ಮೆ ಸತ್ತ ಅನುಭವವಿತ್ತು. ಸೇನಾಪತಿಯ ಸಾವಿನ ದೃಶ್ಯ ಮಾಡುತ್ತೇನೆ ಎಂದೆ.

ನಮ್ಮ ಕಡೆ ನಾಟಕದ ನಡುವೆಯೇ ನಟರಿಗೆ ಆಯೇರಿ, ಅಂದರೆ ಉಡುಗೊರೆ, ಮಾಡುತ್ತಾರೆ. ನಟ ಆವೇಶದಲ್ಲಿ ಖಡ್ಗ ಎತ್ತಿರುತ್ತಾನೆ. ಮೈಕಿನಲ್ಲಿ ಆಯೇರಿ ತಂದ ಬೀಗರ ಹೆಸರು ಕೂಗುತ್ತಾರೆ. ಅವನು ಖಡ್ಗವನ್ನು ಬಗಲಿಗೆ ಸಿಕ್ಕಿಸಿ, ಟವೆಲ್ಲು ಹೊದಿಸಿಕೊಂಡು, ಕೈಮುಗಿದು, ಮತ್ತೆ ಅದೇ ಸಿಟ್ಟಿಗೆ ಮರಳುತ್ತಾನೆ. ಸತ್ತವನಿಗೂ ರಿಯಾಯಿತಿಯಿಲ್ಲ. ಎದ್ದು ಟವೆಲ್ಲು ಪಡೆದು ಮತ್ತೆ ಸಾಯಬೇಕು. ಆಯೇರಿ ಬಂದವನೇ ದೊಡ್ಡ ನಟ. ಹಾಗಾಗಿ ಹತ್ತಿಮತ್ತೂರಿನಿಂದ ನಮ್ಮ ಅಕ್ಕನ ಗಂಡ ಬಸಣ್ಣ ಮಾಮಾನನ್ನು ಕರೆಸಿದೆ. ಹೋರಿ ಹಬ್ಬದಲ್ಲಿ ಮೈಕ್ ಹಿಡಿದು ಹೋರಿಗಳ ಓಟವನ್ನು ವರ್ಣಿಸುವವರು ಅವರು. ನಾನು ಸತ್ತ ಕೂಡಲೇ ಟವೆಲ್ಲಿನೊಂದಿಗೆ ಒಳಗೆ ಬನ್ನಿ ಎಂದು ಹೇಳಿಟ್ಟೆ. ಅವರು ಸದಸ್ಯರಲ್ಲ ಎಂಬುದು ಹೊಳೆಯಲೇ ಇಲ್ಲ.

ಪರೀಕ್ಷೆಗೆಂದು ನನ್ನೊಬ್ಬನನ್ನು ಮಾತ್ರ ಒಳಗೆ ಬಿಟ್ಟರು. ಕೆಳಗಿನ ಅಂಗಡಿಯವನು ಹೆದರಿ ಮೇಲೆ ನೋಡುವಷ್ಟು ಜೋರಾಗಿ ಬಿದ್ದು ಸತ್ತೆ. ಮಾಮಾ ಬರಲಿಲ್ಲ. ಮೂಗಿನ ಮೇಲೆ ನೊಣ ಬಂತು. ಬಾಗಿಲಲ್ಲಿ ಮಾತು ಕೇಳಿಸಿತು.

“ಸದಸ್ಯರಲ್ಲದವ್ರು ದಾಟಂಗಿಲ್ರಿ” ಎಂದು ಅಧ್ಯಕ್ಷರ ದನಿ.

“ಒಳಗ ನಮ್ಮ ಹುಡುಗ ಸತ್ತು ಮಲಗ್ಯಾನ್ರಿ. ನಾ ಟವೆಲ್ ಹೊಚ್ಚೂತನಕ ಅಂವ ಏಳಂಗಿಲ್ಲ” ಎಂದು ಮಾಮಾ.

ಆಮೇಲೆ ಮಾಮಾ ಹೊಸ್ತಿಲ ಆಚೆಯಿಂದಲೇ ಕತ್ತು ಚಾಚಿ ನೋಡಿರಬೇಕು. ಅಭ್ಯಾಸದ ದನಿ ತಾನಾಗಿ ಹೊರಟಿತು. “ನೋಡ್ರಿ, ದುಂಡಸಿ ಹೋರಿ ಅಡ್ಡ ಬಿದ್ದೈತಿ, ಮೂಗಿನ ಮ್ಯಾಲೆ ನೊಣ ಕುಂತೈತಿ, ಹೋರಿ ಬಾಲಾನೂ ಅಲ್ಲಾಡ್ಸವಲ್ದು...”

ನಗೆ, ಶಿಳ್ಳೆ, ಚಪ್ಪಾಳೆ. ಎಲ್ಲವೂ ನನ್ನ ಸಾವಿಗೇ ಎಂದುಕೊಂಡು, ಮೆಚ್ಚಿದವರನ್ನು ನಿರಾಸೆ ಮಾಡಬಾರದೆಂದು ಕಾಲು ಒದರಿ ಇನ್ನೊಮ್ಮೆ ಸತ್ತೆ. ಕಡೆಗೆ ಒಂದು ಕಣ್ಣು ತೆರೆದರೆ ಕುರ್ಚಿಗಳೆಲ್ಲ ಖಾಲಿ. ಇಡೀ ಕ್ಲಬ್ಬು ಬಾಗಿಲಲ್ಲಿ ಮಾಮಾನನ್ನು ಸುತ್ತುವರಿದಿತ್ತು. ಇಂಥ ಮಾತುಗಾರನನ್ನು ಹೊರಗೆ ನಿಲ್ಲಿಸಿದೆವಲ್ಲ ಎಂದು ಪೇಚಾಡುತ್ತ ಅಧ್ಯಕ್ಷರು ಅವರ ಹೆಗಲ ಮೇಲೆ ಕೈಹಾಕಿ ಒಳಗೆ ಕರೆತಂದರು. ಅಲ್ಲಿಯೇ ಸದಸ್ಯರನ್ನಾಗಿಯೂ ಮಾಡಿದರು. ಸಂತೋಷಕ್ಕೆ ಮಾಮಾ ನನಗೆ ತಂದ ಟವೆಲ್ಲನ್ನು ಅಧ್ಯಕ್ಷರಿಗೇ ಹೊದಿಸಿದರು.

“ಸಾಯೂದು ಚಲೋ ಸಾಯ್ತಿ ತಮ್ಮಾ” ಎಂದು ಅಧ್ಯಕ್ಷರು ಹೋಗುವಾಗ ನನಗೆ ಹೇಳಿದರು. “ಆದ್ರ ನಾವ್ಯಾರೂ ನೋಡಲಿಲ್ಲ.”

ಬೈಕಿನ ಅಕ್ಷರ ಕೆರೆಯಲು ಕೂತಾಗ ಮಾಮಾ ತಡೆದು, “ಇರ್ಲಿ ಬಿಡು, ಈಗ ಖರೇ ಆಗೈತಲ್ಲ” ಎಂದು ಕೀಲಿ ಇಸಿದುಕೊಂಡರು. ಈಗ ಭಾನುವಾರಗಳಂದು ನಮ್ಮೂರಿಗೆ ಬಂದು, ಅವ್ವನ ಕೈಯ ರೊಟ್ಟಿ ಉಂಡು, ನನ್ನದೇ ಬೈಕಿನಲ್ಲಿ ಕ್ಲಬ್ಬಿಗೆ ಹೊರಡುತ್ತಾರೆ. ಸದಸ್ಯರು ಒಬ್ಬ ಅತಿಥಿಯನ್ನು ಕರೆತರಬಹುದೆಂದು ಈಗ ನಿಯಮ ಸಡಿಲಿಸಿದ್ದಾರಂತೆ. ಹಿಂದೆ ನಾನು ಕೂತಿರುತ್ತೇನೆ. ಬಸ್‌ಸ್ಟ್ಯಾಂಡು ದಾಟುವಾಗ ಮುಖ ಎತ್ತಿಯೇ ಕೂತಿರುತ್ತೇನೆ. ಮಾಮಾನ ಬೆನ್ನು ಅಗಲವಾಗಿರುವುದರಿಂದ ಅದು ಯಾರಿಗೂ ಕಾಣುವುದಿಲ್ಲ, ಅಷ್ಟೆ.