ಉಕ್ಕದ ಹಾಲಿನ ಉಸ್ತುವಾರಿ

ಕಾನ್ಪುರದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನಿಗೆ ಒಂದು ಮನೆಯ ಸಾಮಾನು ಕಟ್ಟುವುದು ಯಾವ ಮಹಾ ಕೆಲಸ? ನಿವೃತ್ತಿಯಾದ ವಾರವೇ ಮಣಿಪಾಲದಿಂದ ಮಗಳು ಪ್ರತಿಮಾ ಫೋನ್ ಮಾಡಿ, ತಮ್ಮ ಪಕ್ಕದ ಕಟ್ಟಡದಲ್ಲೇ ಬಾಡಿಗೆ ಮನೆ ಖಾಲಿ ಉಂಟು, ಇಲ್ಲಿಗೇ ಬಂದುಬಿಡಿ ಎಂದಳು. ನಾನು ಅಂದೇ ರಟ್ಟಿನ ಪೆಟ್ಟಿಗೆ ಹುಡುಕಲು ಹೊರಟೆ. ಹೆಂಡತಿ ಸುಮತಿ, ಸಾಮಾನು ಕಟ್ಟುವವರನ್ನು ಕರೆಸೋಣ ಎಂದಳು. ನಾನು ನಕ್ಕುಬಿಟ್ಟೆ. ಆ ನಗು ಈಗಲೂ ನೆನಪಿಗೆ ಬಂದು ಕಾಡುತ್ತದೆ.

ನಾವಿಬ್ಬರೂ ಹೆಜಮಾಡಿಯ ಕಡೆಯವರೇ. ಊರಿಗೆ ಮರಳುವ ಸಂತೋಷ ಇಬ್ಬರಿಗೂ ಇತ್ತು. ಆದರೆ ನನಗೊಂದು ಭಯವೂ ಇತ್ತು. ಮಗಳಿಗೆ ಕಾಲೇಜಿನಲ್ಲಿ ಕೆಲಸ, ಅಳಿಯನಿಗೆ ಆಸ್ಪತ್ರೆಯ ಪಾಳಿ, ಜೊತೆಗೆ ನಾಲ್ಕು ವರ್ಷದ ಮೊಮ್ಮಗಳು ಅನ್ವಿ. ಮಗಳ ಕೈಗೆ ಆಸರೆಯಾಗಲು ಹೋಗಿ ನಾನೇ ಇನ್ನೊಂದು ಹೊರೆಯಾದರೆ? ನಾನು ಉಪಯೋಗಕ್ಕೆ ಬರುವ ಮನುಷ್ಯ ಎಂದು ಮೊದಲ ದಿನವೇ ತೋರಿಸಬೇಕಿತ್ತು.

ಅರ್ಹತೆ ನನಗೆ ಇರಲಿಲ್ಲವೆಂದಲ್ಲ. ಮನೆಯಲ್ಲಿ ಹಾಲು ಕಾಯಿಸುವುದು ನನ್ನ ಇಲಾಖೆ. ಮದುವೆಯಾದಂದಿನಿಂದ ಒಂದು ಹನಿ ಹಾಲೂ ಒಲೆಗೆ ಬಿದ್ದಿಲ್ಲ. ಪೇಪರ್ ಓದುತ್ತಾ, ಫೋನಿನಲ್ಲಿ ಮಾತಾಡುತ್ತಾ, ಒಮ್ಮೆ ಜ್ವರದಲ್ಲಿ ನಡುಗುತ್ತಾ ನಿಂತಿದ್ದಾಗಲೂ ಹಾಲು ಮೇಲೇರಿದ ಕ್ಷಣಕ್ಕೆ ಸರಿಯಾಗಿ ನನ್ನ ಕೈ ಒಲೆಯನ್ನು ಆರಿಸಿದೆ. ಈ ಸಾಧನೆಗೆ ಕಾರ್ಖಾನೆಯವರು ಪದಕ ಕೊಡಲಿಲ್ಲ, ಅಷ್ಟೇ!

ಸಾಮಾನು ಕಟ್ಟುವಾಗ ನಾನು ಉಗ್ರಾಣದ ಮೂಲಸೂತ್ರವನ್ನೇ ಪಾಲಿಸಿದೆ: ಖಾಲಿ ಜಾಗ ಬಿಡಬಾರದು. ಬಕೆಟ್ಟಿನೊಳಗೆ ಚಪ್ಪಲಿ, ಕುಕ್ಕರಿನೊಳಗೆ ಸಾಕ್ಸು, ಹಾಲಿನ ಪಾತ್ರೆಯೊಳಗೆ ಆಮ್ಚೂರ್. ಹೌದು, ಒಣ ಮಾವಿನಕಾಯಿಯ ಪುಡಿಯನ್ನು ಕಾನ್ಪುರದಿಂದ ಕರಾವಳಿಗೆ, ಹುಣಸೆ, ಬಿಂಬುಳಿ, ಪುನರ್ಪುಳಿಯಂಥ ಹುಳಿಗಳ ನಾಡಿಗೆ, ಲಾರಿಯಲ್ಲಿ ಸಾಗಿಸಿದ ಮಹಾನುಭಾವ ನಾನೇ. ಪ್ರತಿ ಪೆಟ್ಟಿಗೆಗೂ ನಂಬರು, ಪ್ರತಿ ನಂಬರಿಗೂ ಪಟ್ಟಿ.

ಹೊಸ ಮನೆಯಲ್ಲಿ ಹಾಲುಕ್ಕಿಸಲು ಕಾಪುವಿನ ಭಟ್ಟರು ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆಯ ಮುಹೂರ್ತ ಕೊಟ್ಟಿದ್ದರು. ಮಗಳ ಅತ್ತೆ ಗಿರಿಜಕ್ಕ ನಾಲ್ಕು ಚೆಂಡು ಸೇರಿಸಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ ಹಿಡಿದು ಬಜಗೋಳಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಪ್ರತಿಮಾ ತನ್ನ ಮನೆಯ ಹಳೆಯ ಒಲೆ, ಸಿಲಿಂಡರ್ ತಂದಿಟ್ಟಿದ್ದಳು. ಹೊಸ ಪಾತ್ರೆಯನ್ನೂ ತರುತ್ತೇನೆ ಎಂದವಳಿಗೆ, ಪೆಟ್ಟಿಗೆ ನಂಬರ್ ಮೂವತ್ತೇಳರಲ್ಲಿ ನಮ್ಮದೇ ಇದೆ, ಎರಡೇ ನಿಮಿಷ ಎಂದೆ.

ಪೆಟ್ಟಿಗೆಗಳನ್ನು ಇಳಿಸಿದವರು ನಂಬರಿನ ಕಡೆಯನ್ನು ಅಚ್ಚುಕಟ್ಟಾಗಿ ಗೋಡೆಗೆ ತಿರುಗಿಸಿಟ್ಟಿದ್ದರು! ಐವತ್ತೆರಡು ಪೆಟ್ಟಿಗೆಗಳನ್ನು ಒಂದೊಂದಾಗಿ ತಿರುಗಿಸಿ ಮೂವತ್ತೇಳು ಸಿಗುವಾಗ ಒಂಬತ್ತು ದಾಟಿ ಐದು ನಿಮಿಷ. ಆಮ್ಚೂರಿನ ಪೊಟ್ಟಣ ದಾರಿಯಲ್ಲೇ ಒಡೆದಿತ್ತು. ಪಾತ್ರೆಯನ್ನು ಅವಸರದಲ್ಲಿ ಬಟ್ಟೆಯಿಂದ ಒರೆಸಿದೆ. ತೊಳೆದಿರಾ ಎಂದು ಸುಮತಿ ಕೇಳಿದಾಗ, ಒರೆಸಿದ್ದೇನೆ ಎಂದು ಗಂಭೀರವಾಗಿ ಉತ್ತರಿಸಿದೆ.

ಹಾಲು ಕಾದಿತು. ಉಕ್ಕಲಿಲ್ಲ. ಒಡೆಯಿತು.

ಗೃಹಪ್ರವೇಶದ ಹಾಲು ಒಡೆದರೆ ಏನು ಹೇಳಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಗಿರಿಜಕ್ಕ ಪಾತ್ರೆಯ ಅಂಚನ್ನು ಬೆರಳಲ್ಲಿ ಮುಟ್ಟಿ, ನಾಲಿಗೆಗೆ ತಾಗಿಸಿ ನೋಡಿದರು.

"ಎಂತ ಮಾರಾಯ್ರೆ, ಇಲ್ಲಿ ಹುಳಿಗೆ ಬರ ಉಂಟಾ?" ಎಂದರು.

ಪ್ರತಿಮಾ ಕೆಳಗಿನ ಅಂಗಡಿಗೆ ಓಡಿ ಇನ್ನೊಂದು ಪ್ಯಾಕೆಟ್ ತಂದಳು. ಸುಮತಿ ಪಾತ್ರೆಯನ್ನು ಮೂರು ಬಾರಿ ತೊಳೆದಳು. ಅಷ್ಟರಲ್ಲಿ ಒಂಬತ್ತೂಕಾಲು. ಈ ಸಲ ನಾನೇ ನಿಲ್ಲುತ್ತೇನೆ ಎಂದು ಒಲೆಯ ಮುಂದೆ ನಿಂತೆ. ಮಾನ ಉಳಿಸಿಕೊಳ್ಳುವ ಕೊನೆಯ ಅವಕಾಶ. ಹಿಂದೆ ಎಲ್ಲರೂ ಕೈಮುಗಿದು ನಿಂತರು. ಹಾಲು ಗುಳ್ಳೆಗಟ್ಟಿತು, ಅಂಚಿಗೆ ಏರಿತು, ಗಿರಿಜಕ್ಕ ಅಕ್ಕಿಕಾಳು ಎತ್ತಿದರು.

ಟಕ್! ನನ್ನ ಕೈ ಒಲೆಯನ್ನು ಆರಿಸಿತ್ತು.

ಹಾಲು ಸದ್ದಿಲ್ಲದೆ ಕೆಳಗಿಳಿಯಿತು. ನಾನು ಕೈಯನ್ನೇ ನೋಡಿದೆ. ಅಭ್ಯಾಸಬಲ ಎಂದು ವಿವರಿಸಿ, ಒಲೆ ಹಚ್ಚಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತೆ. ಹಾಲು ಮತ್ತೆ ಏರಿತು. ಬೆನ್ನ ಹಿಂದಿನ ಬಲಗೈ ಯಾವಾಗ ಮುಂದೆ ಬಂತೋ ದೇವರೇ ಬಲ್ಲ. ಟಕ್!

ಗಡಿಯಾರ ಒಂಬತ್ತು ಇಪ್ಪತ್ತೈದು ತೋರಿಸುತ್ತಿತ್ತು. ಸುಮತಿ ನನ್ನ ಭುಜ ಹಿಡಿದು ತಿರುಗಿಸಿದಳು.

"ನೀವು ಸ್ವಲ್ಪ ಹೊರಗೆ ಹೋಗಿ ಮಾರಾಯ್ರೆ. ನೀವು ಇಲ್ಲಿರುವವರೆಗೆ ಅದು ಉಕ್ಕುವುದಿಲ್ಲ."

ಹೀಗೆ ನನ್ನದೇ ಹೊಸ ಮನೆಯಿಂದ, ನನ್ನದೇ ಗೃಹಪ್ರವೇಶದ ದಿನ, ನನ್ನನ್ನು ಹೊರಗೆ ಹಾಕಲಾಯಿತು. ಮೆಟ್ಟಿಲಿನಲ್ಲಿ ಕುಳಿತೆ. ಒಳಗಿನಿಂದ "ಉಕ್ಕಿತು, ಪೂರ್ವಕ್ಕೇ ಉಕ್ಕಿತು" ಎಂಬ ಸಂಭ್ರಮ ಕೇಳಿಸಿತು. ಸಂತೋಷವಾಯಿತು, ನಿಜ. ಆದರೆ ಮಗಳ ಮುಂದೆ ಮುಖ ತೋರಿಸಲು ನಾಚಿಕೆಯೂ ಆಯಿತು.

ಪ್ರತಿಮಾ ಲೋಟದಲ್ಲಿ ಅದೇ ಹಾಲು ಹಿಡಿದು ಬಂದು ಪಕ್ಕದಲ್ಲಿ ಕುಳಿತಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

"ಅಪ್ಪ, ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಹಾಲು ಉಕ್ಕಿ ಹೋಗ್ತದೆ. ಅನ್ವಿಯ ಜಡೆ ಹಾಕುವಾಗ ಒಲೆ ಮರೆತೇ ಹೋಗ್ತದೆ. ನಾಳೆಯಿಂದ ನೀವು ಬರ್ತೀರಾ?"

ನೇಮಕಾತಿ ಆದೇಶ! ಮರುದಿನದಿಂದ ಬೆಳಿಗ್ಗೆ ಆರೂವರೆಗೆ ಸರಿಯಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳ ಒಲೆಯ ಮುಂದೆ ಹಾಜರಾದೆ. ಒಂದು ವಾರ ಹನಿ ಬೀಳಲಿಲ್ಲ. ಗಿರಿಜಕ್ಕನಿಗೂ ಫೋನ್ ಮಾಡಿ ವರದಿ ಒಪ್ಪಿಸಿದೆ. ದೇಶದ ಆ ತುದಿಯಿಂದ ಈ ತುದಿಗೆ ಬಂದದ್ದು ಸಾರ್ಥಕವಾಯಿತು ಎಂದು ಎದೆಯುಬ್ಬಿಸಿಕೊಂಡೇ ನಡೆಯುತ್ತಿದ್ದೆ.

ಎಂಟನೆಯ ದಿನ ಅನ್ವಿ ಅರ್ಧ ಹಾಕಿದ ಜಡೆಯಲ್ಲೇ ಅಡುಗೆಮನೆಗೆ ಬಂದಳು. ಕಿಟಕಿಯ ಹೊರಗಿನ ಒಂದು ಕಾಗೆಗೆ ತಾನು ಹೆಸರಿಟ್ಟಿದ್ದೇನೆ, ಯಾರಿಗೂ ಹೇಳಬಾರದು ಎಂದಳು. ನಾನು ಮೊಣಕಾಲೂರಿ ಕುಳಿತು ಕಿವಿ ಕೊಟ್ಟೆ. ಹೆಸರು ಉದ್ದವಿತ್ತು.

ಚುರ್ರ್ ಎಂಬ ಸದ್ದಿಗೆ ತಿರುಗಿ ನೋಡಿದರೆ ಒಲೆಯ ತುಂಬಾ ಹಾಲು. ಮದುವೆಯಾದಂದಿನಿಂದ ಕಾಪಾಡಿಕೊಂಡು ಬಂದ ದಾಖಲೆ ಒಂದು ಕಾಗೆಯ ಹೆಸರಿಗೆ ಹೋಯಿತು!

ಬಾಗಿಲಲ್ಲಿ ಬಾಚಣಿಗೆ ಹಿಡಿದು ನಿಂತಿದ್ದ ಪ್ರತಿಮಾ ಒಂದೇ ಮಾತು ಹೇಳಿದಳು: "ಈಗ ಅಪ್ಪನ ಗೃಹಪ್ರವೇಶ ಆಯ್ತು."

ಒಲೆ ಒರೆಸುವ ಬಟ್ಟೆ ಎಲ್ಲಿದೆ ಎಂದು ಕೇಳಿದೆ.