ಬೊಂಗಿಲ್ ಕುಟ್ಟಿದ ಔತಣ

ಹೆಂಡತಿಯ ದೊಡ್ಡಪ್ಪ, ದೊಡ್ಡಮ್ಮ ಊಟಕ್ಕೆ ಬರುತ್ತಾರೆಂದು ಗೊತ್ತಾದಾಗ ಬೊಂಗಿಲ್ ಯಾವುದೋ ಹುರುಪಿನಲ್ಲಿ, “ಅಡುಗೆ ನಾನೇ ಮಾಡ್ತೀನಿ” ಅಂದುಬಿಟ್ಟ. ತಕ್ಷಣ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಅವನ ಹೆಂಡತಿ ಹೇರಾನ್ ಆ ಮಾತನ್ನು ಫೋನಿನಲ್ಲಿ ಊರಿಗೆ ಮುಟ್ಟಿಸಿಯಾಗಿತ್ತು.

ತಂದೆಯಿಲ್ಲದ ಹೇರಾನ್‌ಳನ್ನು ಸಾಕಿ ಬೆಳೆಸಿದವರು ಈ ದೊಡ್ಡಪ್ಪ. ವಾಂಡೊ ದ್ವೀಪದಲ್ಲಿ ದೋಣಿ ಇಟ್ಟುಕೊಂಡವರು. ಮದುವೆಯ ದಿನ ಎಲ್ಲರೆದುರು, “ಈ ಹುಡುಗನಿಗೆ ನೀರು ಕಾಯ್ಸೋಕೂ ಬರೋ ಹಾಗೆ ಕಾಣ್ಸಲ್ಲ. ನಮ್ಮ ಹುಡುಗೀನ ಏನು ನೋಡ್ಕೋತಾನೆ?” ಎಂದಿದ್ದರು. ಆ ಮಾತು ಬೊಂಗಿಲ್‌ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಮಾತು ನೆನಪಿತ್ತೇ ಹೊರತು ಮುಖ ನೆನಪಿರಲಿಲ್ಲ. ಅವತ್ತು ಬಗ್ಗಿ ಬಗ್ಗಿ ನಮಸ್ಕರಿಸುವ ಗಡಿಬಿಡಿಯಲ್ಲಿ ಅವನು ಕಂಡದ್ದು ಹಿರಿಯರ ಕಾಲುಚೀಲಗಳನ್ನು ಮಾತ್ರ.

“ರೀ, ಭರ್ಜರಿಯಾಗಿ ಒಂದೇ ಒಂದು ಐಟಂ ಮಾಡಿ, ಸಾಕು,” ಎಂದಳು ಹೇರಾನ್, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಕೆಲಸಕ್ಕೆ ಹೊರಡುತ್ತಾ. “ತೊಕ್‌ಗಾಲ್ಬಿ ಮಾಡಿ. ಪಕ್ಕೆಲುಬಿನ ಮಾಂಸ ಕೊಚ್ಚಿ, ಮಸಾಲೆ ಕಲಸಿ, ತಟ್ಟಿ, ಸುಡಿ. ಮುಗೀತು. ಮಿಕ್ಕಿದ್ದೆಲ್ಲಾ ಅಂಗಡೀಲಿ ತಂದಿಟ್ಟಿದ್ದೀನಿ.”

ಡ್ರೈವಿಂಗ್ ಶಾಲೆಯಲ್ಲಿ ಕಲಿಸುವ ಬೊಂಗಿಲ್‌ಗೆ ಇದು ಕ್ಲಚ್ಚು, ಗೇರು, ಬ್ರೇಕಿನಷ್ಟೇ ಸಲೀಸೆನಿಸಿತು. ಯಂತ್ರದಲ್ಲಿ ಕೊಚ್ಚಿಸಿದ ಮಾಂಸ ಹಿಡಿದು ಬರುವಾಗ ಲಿಫ್ಟಿನಲ್ಲಿ ಎದುರು ಮನೆಯ ಸೂನಾಳ ಅಮ್ಮ ಸಿಕ್ಕಿದಳು. ಯಾರಿಗೆ ಔತಣವೆಂದು ಕೇಳಿ ತಿಳಿದು, ಚೀಲದೊಳಗೆ ಇಣುಕಿ ಹೆಣ ಕಂಡವಳಂತೆ ಹಿಂದೆ ಸರಿದಳು.

“ಅಯ್ಯೋ, ಮಿಶಿನ್ನಲ್ಲಿ ಕೊಚ್ಚಿದ್ದಾ? ಹೆಂಡ್ತಿ ಮನೆಯೋರಿಗೆ ಇದನ್ನ ಹಾಕ್ತೀರಾ? ಎರಡು ಕತ್ತಿ ಹಿಡ್ಕೊಂಡು ಕೈಯಲ್ಲೇ ಕೊಚ್ಚಬೇಕು. ಆಮೇಲೆ ಮುದ್ದೆ ಎತ್ತಿ ಎತ್ತಿ ಬಡೀಬೇಕು. ಬನ್ನಿ, ತೋರಿಸ್ತೀನಿ.”

ಅವಳು ತೋರಿಸಿದಳು. ಬೊಂಗಿಲ್ ಮತ್ತೆ ಅಂಗಡಿಗೆ ಓಡಿ ಇಡೀ ಮಾಂಸ ತಂದು ಕೊಚ್ಚಿದ, ಬಡಿದ. ಅಡುಗೆಕಟ್ಟೆ ಅಲ್ಲಾಡಿದ್ದರಿಂದ ಮಣೆಯನ್ನು ನೆಲಕ್ಕಿಟ್ಟು, ಅದರ ಮುಂದೆ ಮಂಡಿಯೂರಿ ಬಡಿದ.

ಅಷ್ಟರಲ್ಲಿ ಪಾರ್ಸೆಲ್ ಕೊಡಲು ಬಂದ, ಓ ಎಂಬ ಹೆಸರಿನ ಕಟ್ಟಡದ ಕಾವಲುಗಾರ ಟೋಪಿ ತೆಗೆದು ಒಳಗೇ ಬಂದ. ಅವನು ಹಿಂದೆ ಸೈನ್ಯದಲ್ಲಿ ಅಡುಗೆಯವನಾಗಿದ್ದವನು. “ಏನ್ ಸಾರ್ ಇದು, ಮಗು ಬೆನ್ನು ತಟ್ಟಿದ ಹಾಗೆ ತಟ್ತಾ ಇದ್ದೀರಿ? ಲಟ್ಟಣಿಗೆ ತಗೊಂಡು ಕುಟ್ಟಿ! ಎಲ್ಲಿ, ಬೆಳ್ಳುಳ್ಳಿ ಸಾಲ್ದು.” ಒಂದು ಹಿಡಿ ಸುರಿದ.

“ನಾನಾಗ್ಲೇ ಹಾಕಿದ್ದೀನಲ್ಲಪ್ಪ!” ಸೂನಾಳ ಅಮ್ಮ ಕಿರುಚಿದಳು.

“ಹಾಕಿದ್ರೆ ವಾಸನೆ ಬರ್ಬೇಕಲ್ಲ? ಸೋಯಾ ಸಾಸೂ ಕಮ್ಮಿ.” ಅದನ್ನೂ ಸುರಿದ.

ಬೊಂಗಿಲ್ ರುಚಿ ನೋಡಿದ. ಸಮುದ್ರವನ್ನೇ ಕುಡಿದಂತಾಯಿತು. ಉಪ್ಪು ತಗ್ಗಿಸಲು ಮತ್ತೆ ಮಾಂಸ ತಂದ, ಮತ್ತೆ ಕೊಚ್ಚಿದ, ಮತ್ತೆ ಕುಟ್ಟಿದ. ಈಗ ಸಪ್ಪೆಯಾಯಿತು. ಮತ್ತೆ ಸಾಸು, ಮತ್ತೆ ಮಾಂಸ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಮುದ್ದೆ ಮಲಗಿದ ಹಂದಿಮರಿಯಷ್ಟಾಗಿತ್ತು. ಬೊಂಗಿಲ್‌ನ ತೋಳು ಭುಜದಿಂದ ಬಿಚ್ಚಿಕೊಳ್ಳುವಂತಿತ್ತು.

ಸುಡಲು ಕೂತಾಗ ಉರಿ ಸಣ್ಣದಿರಬೇಕೆಂದು ಸೂನಾಳ ಅಮ್ಮ, ದೊಡ್ಡದಿರಬೇಕೆಂದು ಕಾವಲುಗಾರ. ಇಬ್ಬರೂ ಒಲೆಯ ತಿರುಪಿಗೆ ಕೈಹಾಕಿ ಜಗ್ಗಾಡುತ್ತಿದ್ದಾಗ ಹೊಗೆ ಮನೆ ತುಂಬಿತು. ಗೋಡೆಯ ಸ್ಪೀಕರಿನಲ್ಲಿ ಕಟ್ಟಡದ ಕಚೇರಿಯ ದನಿ ಕೇಳಿಸಿತು: “ಮಾಂಸ ಸುಡುತ್ತಿರುವ ನಿವಾಸಿಗಳು ದಯವಿಟ್ಟು ಕಿಟಕಿ ತೆರೆಯಬೇಕಾಗಿ ವಿನಂತಿ. ಕಾವಲುಗಾರ ಓ ಅವರು ಎಲ್ಲಿದ್ದರೂ ಕೂಡಲೇ ಕಚೇರಿಗೆ ಬರತಕ್ಕದ್ದು.”

ಓ ಟೋಪಿ ಮರೆತು ಓಡಿದ. ಹೊಗೆಗೆ ಕಣ್ಣೀರು ಸುರಿಸುತ್ತಾ ಸೂನಾಳ ಅಮ್ಮನೂ ಹೊರಟಳು. ಮುಕ್ಕಾಲು ಭಾಗ ಇದ್ದಿಲಾಗಿತ್ತು. ಉಳಿದದ್ದನ್ನು ಬೊಂಗಿಲ್ ಒಬ್ಬನೇ, ತನಗೆ ತೋಚಿದ ಉರಿಯಲ್ಲಿ ಸುಟ್ಟ. ಒಂದು ತಟ್ಟೆ ತುಂಬ ಕಂದು ಬಣ್ಣದ, ಹೊಳೆಯುವ, ಮೆತ್ತನೆಯ ತೊಕ್‌ಗಾಲ್ಬಿ ಎದ್ದು ಬಂತು. ತುದಿ ಮುರಿದು ಬಾಯಿಗಿಟ್ಟವನಿಗೆ ನಂಬಲಾಗಲಿಲ್ಲ. ಅದ್ಭುತವಾಗಿತ್ತು!

ಬಾಗಿಲ ಗಂಟೆ ಬಾರಿಸಿದ ಸದ್ದಾಯಿತು. ಹೊರಗೆ ವಯಸ್ಸಾದ ಗಂಡಹೆಂಡತಿ. ಗಂಡನ ಹುಬ್ಬು ಗಂಟು ಹಾಕಿಕೊಂಡಿತ್ತು.

“ಇದೇನಾ ಆ ಮನೆ?” ಎಂದ ಮುದುಕ.

“ಇದೇ ಮಾವ, ಇದೇ!” ಬೊಂಗಿಲ್ ಹಣೆ ನೆಲಕ್ಕೆ ತಾಗುವಂತೆ ನಮಸ್ಕರಿಸಿದ. “ಬನ್ನಿ ಅತ್ತೆ, ಕೂತ್ಕೊಳ್ಳಿ.”

“ಮಾವನಾ? ನೋಡಪ್ಪ, ನಾವು ಬಂದಿದ್ದು ಯಾಕಂದ್ರೆ, ಬೆಳಿಗ್ಗೆಯಿಂದ...”

“ಬೆಳಿಗ್ಗೆಯಿಂದ ನಿಮಗೋಸ್ಕರಾನೇ ಕುಟ್ಟಿದ್ದು ಮಾವ!”

“ನಮಗೋಸ್ಕರಾನಾ?” ಮುದುಕನ ಕಣ್ಣು ಅಗಲವಾಯಿತು. ಮುದುಕಿ ಅವನ ತೋಳು ಹಿಡಿದುಕೊಂಡಳು.

ಬೊಂಗಿಲ್ ಲೆಟಿಸ್ ಎಲೆಯಲ್ಲಿ ಒಂದು ತುಂಡು ಸುತ್ತಿ ಮುದುಕನ ಬಾಯಿಗೇ ಇಟ್ಟ. ಮುದುಕ ಅಗಿದ. ಗಂಟು ಹಾಕಿದ ಹುಬ್ಬು ಮೆಲ್ಲಗೆ ಬಿಚ್ಚಿಕೊಂಡಿತು. ನುಂಗಿ ಮತ್ತೆ ಮಾತೆತ್ತಿದ. ಬೊಂಗಿಲ್ ಮತ್ತೊಂದು ಇಟ್ಟ. ಆಮೇಲೆ ಮುದುಕ ಮಾತು ಬಿಟ್ಟು ಸುಮ್ಮನೆ ಬಾಯಿ ತೆರೆಯತೊಡಗಿದ. ಮುದುಕಿ ಅನ್ನ ಬಡಿಸಿಕೊಂಡಳು. ತಟ್ಟೆ ಬರಿದಾಗುವುದನ್ನು ನೋಡುತ್ತಾ ಬೊಂಗಿಲ್‌ಗೆ ಗಂಟಲ ಮುಳ್ಳು ಕರಗಿದಂತಾಗಿ ಕಣ್ಣು ತುಂಬಿ ಬಂತು.

ಕೊನೆಯ ತುಂಡೂ ಮುಗಿದ ಹೊತ್ತಿಗೆ ಬಾಗಿಲು ತೆರೆಯಿತು. “ರೀ, ಯಾರು ಬಂದಿದ್ದಾರೆ ನೋಡಿ! ದೊಡ್ಡಪ್ಪನೋರು ನಮ್ಮ ನಿಲ್ದಾಣದಲ್ಲೇ ಇಳಿದ್ರು,” ಎನ್ನುತ್ತಾ ಹೇರಾನ್ ಒಳಬಂದಳು. ಹಿಂದೆ ಇನ್ನೊಬ್ಬ ಮುದುಕ, ಇನ್ನೊಬ್ಬಳು ಮುದುಕಿ.

“ಇವ್ರು ಯಾರ್ರೀ?” ಎಂದಳು ಹೇರಾನ್.

ಕೂತಿದ್ದ ಮುದುಕ ಬಾಯಿ ಒರೆಸಿಕೊಂಡು ಎದ್ದ. “ನಾವು ಕೆಳಗಿನ ಮನೆಯೋರಮ್ಮ. ಹೋದ ವಾರವಷ್ಟೇ ಈ ಕಟ್ಟಡಕ್ಕೆ ಬಂದ್ವಿ. ಬೆಳಿಗ್ಗೆಯಿಂದ ನಮ್ಮ ತಲೆ ಮೇಲೆ ಒಂದೇ ಸಮ ಕುಟ್ತಾ ಇದ್ರು. ಜಗಳ ಆಡೋಣ ಅಂತ ಬಂದ್ವಿ. ನಿಮ್ಮ ಯಜಮಾನ್ರು ಬಾಯಿ ತೆಗೆಯೋಕೇ ಬಿಡ್ಲಿಲ್ಲ. ತೆಗೆದಾಗೆಲ್ಲ ಒಂದೊಂದು ತುಂಡು ಇಟ್ರು.”

ದೊಡ್ಡಪ್ಪನವರು ಖಾಲಿ ತಟ್ಟೆ ನೋಡಿದರು, ಅಳಿಯನನ್ನು ನೋಡಿದರು. “ನಾನು ಅವತ್ತೇ ಹೇಳಿದ್ದೆ,” ಎಂದರು.

ನಾಚಿಕೆಯಿಂದ ಕುಗ್ಗಿದ ಕೆಳಮನೆಯ ಅಜ್ಜಿ ತಡಬಡಿಸಿ ಕೆಳಗೋಡಿ, ತನ್ನ ಒಲೆಯ ಮೇಲಿದ್ದ ಹುದುಗಿಸಿದ ಸೋಯಾಕಾಳಿನ ಸಾರನ್ನು ಪಾತ್ರೆ ಸಮೇತ ತಂದಿಟ್ಟಳು. ದೊಡ್ಡಪ್ಪ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಬಟ್ಟಲು ಖಾಲಿ ಮಾಡಿ ಮತ್ತೆ ಹಾಕಿಸಿಕೊಂಡರು. “ನಮ್ಮಮ್ಮ ಹೋದ ಮೇಲೆ ಇಂಥ ಸಾರು ಉಂಡಿಲ್ಲ. ಯಾರು ಮಾಡಿದ್ದು?”

ತಿಂದ ಋಣ ತೀರಿಸಲು ಅಜ್ಜಿ ಥಟ್ಟನೆ ಹೇಳಿದಳು: “ನಿಮ್ಮ ಅಳಿಯನೇ. ಇಲ್ಲಿ ಒಲೆ ಖಾಲಿ ಇರ್ಲಿಲ್ಲ ಅಂತ ನಮ್ಮನೇಲಿ ಕುದಿಯೋಕೆ ಇಟ್ಟಿದ್ರು.”

ದೊಡ್ಡಪ್ಪ ಎದ್ದು ಬಂದು ಬೊಂಗಿಲ್‌ನನ್ನು ತಬ್ಬಿಕೊಂಡರು. “ತಪ್ಪು ತಿಳ್ಕೊಂಡಿದ್ದೆ ಮಗನೇ. ಲೇ, ನಾಳೆ ಊರಿಗೆ ಹೋಗೋದು ಬೇಡ ಕಣೇ. ಹೇಗೂ ದೋಣಿ ರಿಪೇರಿಗೆ ಬಿಟ್ಟಿದ್ದೀವಿ, ಅದು ಆಗೋವರೆಗೂ ಇಲ್ಲೇ ಇರೋಣ. ದಿನಾ ಬೆಳಿಗ್ಗೆ ಇದೇ ಸಾರು ಮಾಡಪ್ಪ. ನಾನು ಪಕ್ಕದಲ್ಲೇ ನಿಂತು ನೋಡಿ ಕಲಿತ್ಕೋತೀನಿ.”

ಬೊಂಗಿಲ್ ಅವರ ಭುಜದ ಮೇಲಿಂದ ಕೆಳಮನೆಯ ಅಜ್ಜಿಯ ಕಡೆ, ಮುಳುಗುವವನು ದಡ ನೋಡುವಂತೆ ನೋಡಿದ. ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

“ನಾವು ಬೆಳಗಾಗ್ತಲೇ ಸಿಯೋಲ್‌ಗೆ, ಮಗಳ ಮನೆಗೆ ಹೊರಡ್ತೀವಪ್ಪ. ಬಾಣಂತನ ಇದೆ,” ಎಂದಳು. “ಪಾತ್ರೆ ತೊಳೆದಿಟ್ಟಿರು, ಮುಂದಿನ ತಿಂಗಳು ಬಂದು ಇಸ್ಕೋತೀನಿ.”