ನೀಲಿ ಪಟ್ಟಿ ನಿಂತಲ್ಲೇ ಫೋನು

ಕೊಟ್ಟೂರಿಂದ ಅರಸೀಕೆರಿ ಮಟ ಸುಟ್ಟ ಮೋಟರಿಗೆ ತಂತಿ ಸುತ್ತಾದ್ರಾಗ ನನ್ನ ಮೀರ್ಸಿದವ ಯಾವನೂ ಇಲ್ಲ. ಅಂಥಾ ನನ್ನ ಮರ್ಯಾದಿನ ಅಂಗೈಯಷ್ಟು ಮೊಬೈಲು ವಾರಕ್ಕೊಮ್ಮಿ ತಗೀತಿತ್ತು.

ಓದಿದ್ದು ಎರಡ್ನೇ ಕ್ಲಾಸು. ಹೆಸರು ಓದಾಕ ಬರಲ್ಲ, ಗುಂಡಿ ಒತ್ತಾದು ಎಣಿಸ್ತಿದ್ದೆ. ಮೊಬೈಲ್ ಅಂಗಡಿಯವ ಮೂರು ಹೆಸರು ಹಾಕಿಕೊಟ್ಟಿದ್ದ. ಕೆಳಗಿನ ಗುಂಡಿ ಒಂದ್ಸಲ ಒತ್ತಿದ್ರ ನೀಲಿ ಪಟ್ಟಿ ಖಾನಾವಳಿಯಾಕಿ ಹೆಸರಿನ ಮ್ಯಾಲ, ಎರಡು ಸಲಕ್ಕ ವೆಲ್ಡಿಂಗ್ ಭಾಯಿ, ಮೂರಕ್ಕ ಹಿರೇಹಡಗಲಿ ತಂಗಿ. ಆಮ್ಯಾಲ ಹಸ್ರು ಗುಂಡಿ ಒತ್ತಿದ್ರ ಪಟ್ಟಿ ನಿಂತವ್ರಿಗೆ ಫೋನು.

ಭಾಯಿ ನನ್ನ ಜೀವದ ಗೆಳೆಯ. ನಾ ಸುತ್ತಿದ ಮೋಟರ್ ಸುಟ್ಟೈತಿ ಅಂತ ಸಂತ್ಯಾಗ ನಾಕು ಮಂದಿ ಮುಂದ ಅಂದ. ಎರಡು ವರ್ಷ ಮಾತಿಲ್ಲ. ಹೆಂಡ್ತಿ ತೀರಿಹೋದ ಮ್ಯಾಲ ಮಾತಿಗೆ ಇದ್ದವ ಅವನೊಬ್ಬನ. ಆದ್ರೂ ಮೊದ್ಲು ಅವನೇ ಫೋನ್ ಮಾಡ್ಲಿ ಅಂತ ನಾ. ದಿನಾ ಸಂಜಿಗೆ ಪಟ್ಟಿನ ಅವನ ಹೆಸರಿನ ಮಟ ಇಳಿಸ್ತಿದ್ದೆ, ಮತ್ತ ಏರಿಸ್ತಿದ್ದೆ.

ಡಾಕ್ಟ್ರು

ಬಿಪಿ ಡಾಕ್ಟ್ರ ನಂಬರ್ ಹಾಕಿಸ್ದೆ. ಅದು ಎಲ್ಲಕ್ಕಿಂತ ಮ್ಯಾಲ ಹೋಗಿ ಕುಂತು, ಉಳಿದವು ಒಂದೊಂದು ಮೆಟ್ಲು ಇಳದ್ವು. ನನಗೇನು ಗೊತ್ತು? ಒಂದ್ಸಲ ಒತ್ತಿ, “ಯವ್ವಾ, ಪಲ್ಯಕ್ಕ ಖಾರ, ಎಣ್ಣಿ ಜೋರ್ ಹಾಕು” ಅಂದೆ.

ಗಂಡಸಿನ ದನಿ: “ಎರಡೂ ಬಂದ್ ಮಾಡ್ರಿ ಅಂದಿದ್ನಲ್ರೀ!”

ಖಾನಾವಳಿಯಾಕಿ ಗಂಡ ಅಂದ್ಕೊಂಡು ಜಾಡಿಸಿದೆ: “ನೀ ಯಾವಲೇ ಹೇಳಾವ? ಹೋಗಿ ಪಾತ್ರಿ ತೊಳಿ!”

ಐದು ಎಚ್‌ಪಿ

ಅವತ್ತಿಂದ ಒಂದು ಹೆಚ್ಚು ಎಣಿಸಾದು ಕಲ್ತೆ. ಖಾನಾವಳಿಗೆ ಎರಡು, ಭಾಯಿಗೆ ಮೂರು, ತಂಗಿಗೆ ನಾಕು.

ಒಬ್ಬಾವ ಇದ್ರ ಬಾಯಿ ಸುಮ್ನಿರಲ್ಲ, ಮೋಟರ್ ಜೋಡಿನ ಮಾತಾಡ್ತೀನಿ. ಒಂದಿನ ಪಟ್ಟಿ ತಂಗಿ ಮ್ಯಾಲ ನಿಂತಿದ್ದು ನಿಂತ ಹಂಗ ಜೇಬಿಗೆ ಹಾಕಿದ್ದೆ. ಅಲ್ಲೇ ಹಸ್ರು ಗುಂಡಿ ಒತ್ತಿ ಹೋಗೈತಿ. ಆಮ್ಯಾಲ ತಂಗಿ ಫೋನು, ಅಳಾಕತ್ತಾಳ.

“ಅಣ್ಣಾ, ಈ ವಯಸ್ನಾಗ ಮನಿಗೆ ಯಾರನ್ನ ತಂದಿ? ‘ಯಾಕ ಬಿಸಿ ಆಗೀದಿ, ಮುಟ್ಟಿದ್ರ ಗುರ್ ಅಂತಿ’ ಅಂದಿದ್ದು ನನ್ನ ಕಿವಿಲೇ ಕೇಳೀನಿ!”

“ಮೋಟರವ್ವಾ! ತಂಬ್ರಹಳ್ಳಿದು, ಐದು ಎಚ್‌ಪಿ!”

ನಂಬಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದ್ಲು. ಮೂಲಿ ಮೂಲಿ ಹುಡುಕಿದ್ಲು. ಖಾಲಿ ಮನಿ, ಒಂದು ಮೋಟರ್. ಉಸ್ಸಂತ ಕುಂತು ಅಂದ್ಲು:

“ಇದಕ್ಕಿಂತ ಯಾವಾಕಿಯಾರ ಇದ್ದಿದ್ರ ಚಲೋ ಇತ್ತು ಬಿಡಣ್ಣಾ.”

ಜ್ವರ

ಡಾಕ್ಟ್ರು ಹಡಗಲಿಗೆ ವರ್ಗ ಆದ್ರು. ಕರೆನ್ಸಿ ಹಾಕ್ಸಾಕ ಹೋದಾಗ ಮೊಬೈಲ್ ಅಂಗಡಿಯವ ಅವ್ರ ನಂಬರ್ ತಗದ್ ಹಾಕ್ಯಾನ, ನನಗ ಹೇಳಿಲ್ಲ. ಎಲ್ಲರೂ ಮತ್ತ ಒಂದೊಂದು ಮೆಟ್ಲು ಮ್ಯಾಲ ಏರ್ಯಾರ.

ಅದ ವಾರ ಜ್ವರ ಹಿಡೀತು. ಎದ್ದು ಕುಂದ್ರಾಕ ಆಗವಲ್ದು. ಖಾನಾವಳಿಗೆ ಅಂತ ಎರಡು ಸಲ ಒತ್ತಿದೆ. ಅತ್ಲಾಗ ಇದ್ದವ್ರಿಗೆ ಹಲೋ ಅನ್ನಾಕೂ ಬಿಡಲಿಲ್ಲ.

“ಯವ್ವಾ, ಜ್ವರ ಬಂದೈತಿ. ಎರಡು ರೊಟ್ಟಿ ಕಳ್ಸವ್ವಾ. ನಿನ್ನ ಬಿಟ್ರ ನನಗ ಯಾರದಾರ?”

ಆ ಕಡಿಂದ ಫೋನು ಕಟ್ ಆತು.

ಅರ್ಧ ತಾಸಿಗೆ ಬಾಗ್ಲಾಗ ಭಾಯಿ. ಕೈಯಾಗ ಬುತ್ತಿ ಡಬ್ಬಿ, ಕಣ್ಣು ಕೆಂಪಗ.

ನಾ ಬಿಡ್ತೀನೇನು? “ಲೇ, ನಾ ಫೋನ್ ಮಾಡಿದ್ದು ನಿನಗಲ್ಲ!” ಅಂದೆ.

“ಗೊತ್ತೈತಿ, ಮ್ಯಾಲೇಳು,” ಅಂತ ರೊಟ್ಟಿ ಮುರದು ಬಾಯಿಗಿಟ್ಟ. “ಎರಡು ವರ್ಷ ಮಾರಿ ತಿರುವಿದವ ಇವತ್ತು ನನಗ ‘ಯವ್ವಾ’ ಅಂದಿ. ಹಡದ ತಪ್ಪಿಗೆ ಉಣಸಬೇಕಲ್ಲಲೇ!”